ಸೀಲೈನ್‌ನ ಒಂಟೆ, ಖೋರ್ ಅಲ್ ಅದೈದ್‌ನ ಮರಳು: ಎರಡೂ ಒಂದೇ ದಿನಕ್ಕೆ ಹಿಡಿಸುತ್ತವೆಯೇ?

ಪ್ರಶ್ನೆ: ನಾವು ಉಡುಪಿ ಕಡೆಯವರು, ಈಗ ಕತಾರ್‌ನ ದೋಹಾದಲ್ಲಿದ್ದೇವೆ. ಸಂಕ್ರಾಂತಿ ಮುಗಿಸಿಕೊಂಡು ಅತ್ತೆ, ಮಾವ ಊರಿನಿಂದ ಬರುತ್ತಿದ್ದಾರೆ. ಅತ್ತೆಗೆ 64, ಮಂಡಿನೋವು ಇದೆ, ಸೀರೆ ಬಿಟ್ಟು ಬೇರೆ ಉಡುವುದಿಲ್ಲ. ಮಾವನವರಿಗೆ 70, ಬಹಳ ವರ್ಷಗಳಿಂದ ಸಕ್ಕರೆ ಕಾಯಿಲೆ, ಆದರೆ ಓಡಾಟಕ್ಕೆ ಸದಾ ಮುಂದು. ಮಗಳಿಗೆ 7. ಸೀಲೈನ್ ಕಡಲತೀರದಲ್ಲಿ ಒಂಟೆ ಸವಾರಿ, ಅಲ್ಲಿಂದ ಮರಳುದಿಬ್ಬಗಳ ಮೇಲೆ ಫೋರ್ ವೀಲ್ ಗಾಡಿಯಲ್ಲಿ ಇನ್‌ಲ್ಯಾಂಡ್ ಸೀ ತನಕ ಹೋಗಿ ಬರುವುದು, ಎರಡೂ ಸೇರಿ ನಾಲ್ಕು ಗಂಟೆಯ ಪ್ರವಾಸವೊಂದು ಸಿಗುತ್ತಿದೆ. ‘ನಮ್ಮ ಪ್ರಾಡೊ ಇರುವಾಗ ಬಾಡಿಗೆ ಗಾಡಿ ಏಕೆ’ ಎಂದು ನಮ್ಮವರು ಕೇಳುತ್ತಾರೆ. ಮಗಳಿಗೆ ಮರಳಿನಲ್ಲಿ ಓಡಿಸುವ ನಾಲ್ಕು ಚಕ್ರದ ಕ್ವಾಡ್ ಬೈಕಿನ ಆಸೆ. ಇಷ್ಟನ್ನೂ ಒಂದೇ ದಿನದಲ್ಲಿ ಮಾಡಬಹುದೇ? ಯಾವುದು ಮೊದಲು, ಯಾವುದು ನಂತರ?

ಉತ್ತರ: ಒಂದೇ ದಿನದಲ್ಲಿ ಧಾರಾಳವಾಗಿ ಮಾಡಬಹುದು. ಆದರೆ ನೀವು ಐವರೂ ಎಲ್ಲವನ್ನೂ ಮಾಡಬೇಕಾಗಿಲ್ಲ, ಮಾಡಲೂಬಾರದು. ಮೊದಲು ನನ್ನ ತೀರ್ಮಾನವನ್ನು ಹೇಳಿಬಿಡುತ್ತೇನೆ, ಕಾರಣಗಳು ಆಮೇಲೆ ಬರಲಿ. ಸಂಜೆಯ ಬದಲು ಬೆಳಿಗ್ಗೆ ಹೋಗಿ. ಒಂಟೆ ಮೊದಲು, ಗಾಡಿ ನಂತರ. ಮಾವನವರು ಒಂಟೆಯಿಂದ ದೂರವೇ ಇರಲಿ. ಅತ್ತೆಯವರನ್ನು ಗಾಡಿಯ ಮುಂದಿನ ಸೀಟಿನಲ್ಲಿ ಕೂರಿಸಿ. ಚಾಲಕರು ದಿಬ್ಬ ಹಾರಿಸದವರಾಗಿರಲಿ. ಕ್ವಾಡ್ ಬೈಕು ಮಗುವಿಗೆ ಬೇಡ. ನಿಮ್ಮ ಪ್ರಾಡೊ ಸೀಲೈನ್ ತನಕ ಬಂದು ಅಲ್ಲಿಯೇ ನಿಲ್ಲಲಿ.

ಕತಾರ್‌ನ ಹೊರಗಿರುವ ಓದುಗರಿಗಾಗಿ ಜಾಗದ ಪರಿಚಯವನ್ನೂ ಹೇಳಬೇಕು. ದೋಹಾದಿಂದ ದಕ್ಷಿಣಕ್ಕೆ ಸುಮಾರು ಒಂದು ಗಂಟೆ ಪ್ರಯಾಣ ಮಾಡಿದರೆ ಮೆಸಾಯೀದ್ ಕೈಗಾರಿಕಾ ಪಟ್ಟಣ ದಾಟಿ ಸೀಲೈನ್ ಸಿಗುತ್ತದೆ. ಡಾಂಬರು ರಸ್ತೆ ಅಲ್ಲಿಗೆ ಮುಗಿಯುತ್ತದೆ. ಒಂದು ಬದಿಯಲ್ಲಿ ಕಡಲು, ಇನ್ನೊಂದು ಬದಿಯಲ್ಲಿ ಮರಳು. ಟೈರಿನ ಗಾಳಿ ಇಳಿಸುವವರು, ಒಂಟೆಯವರು, ಕ್ವಾಡ್ ಬೈಕ್ ಬಾಡಿಗೆಗೆ ಕೊಡುವವರು ಎಲ್ಲರೂ ಆ ಬಾಗಿಲಲ್ಲೇ ಇರುತ್ತಾರೆ. ಅಲ್ಲಿಂದ ದಕ್ಷಿಣಕ್ಕೆ ದಿಬ್ಬಗಳ ನಡುವೆ ಸಾಗಿದರೆ ಖೋರ್ ಅಲ್ ಅದೈದ್. ನೀವು ಇನ್‌ಲ್ಯಾಂಡ್ ಸೀ ಎಂದಿರುವುದು ಇದನ್ನೇ. ಸುಮಾರು 10 ಕಿಲೋಮೀಟರ್ ಉದ್ದದ ಕಿರಿದಾದ ಕಾಲುವೆಯೊಂದರ ಮೂಲಕ ಸಮುದ್ರ ಮರುಭೂಮಿಯೊಳಗೆ ನುಗ್ಗಿ ಅಲ್ಲಿ ವಿಶಾಲವಾಗಿ ಹರಡಿಕೊಂಡಿದೆ. ದಿಬ್ಬದ ಪಾದ ನೇರವಾಗಿ ನೀರಿಗಿಳಿಯುತ್ತದೆ. ಆಚೆ ದಡದಲ್ಲಿ ಸೌದಿ ಅರೇಬಿಯಾ. ಕತಾರ್ ಇದನ್ನು ಸಂರಕ್ಷಿತ ಪ್ರದೇಶವನ್ನಾಗಿ ಕಾಪಾಡುತ್ತಿದೆ, 2008ರಿಂದ ಯುನೆಸ್ಕೋ ವಿಶ್ವ ಪರಂಪರೆಯ ತಾತ್ಕಾಲಿಕ ಪಟ್ಟಿಯಲ್ಲೂ ಇದೆ. ಕಡಲ ದಂಡೆಯಲ್ಲಿ ಹುಟ್ಟಿ ಬೆಳೆದ ನಿಮ್ಮ ಅತ್ತೆ, ಮಾವನವರಿಗೂ ಇಂಥ ಸಮುದ್ರ ಹೊಸದು. ಅಲೆಯ ಸದ್ದಿಲ್ಲ, ತೆಂಗಿಲ್ಲ, ದೋಣಿಗಳ ಸಾಲಿಲ್ಲ. ಆದ್ದರಿಂದ ಅವರನ್ನು ಖಂಡಿತ ಕರೆದುಕೊಂಡು ಹೋಗಿ. ಸುಸ್ತಾಗದಂತೆ ಕರೆದುಕೊಂಡು ಹೋಗಿ.

ಈಗ ಮಾವನವರ ವಿಷಯ. ಇದನ್ನು ಪ್ರವಾಸ ಮಾರುವವರು ಯಾರೂ ಹೇಳುವುದಿಲ್ಲ, ಆದ್ದರಿಂದ ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ. 2012ರಲ್ಲಿ ಸೌದಿ ಅರೇಬಿಯಾದಲ್ಲಿ ಮೊದಲು ಗುರುತಿಸಲಾದ ಮರ್ಸ್ ಎಂಬ ಶ್ವಾಸಕೋಶದ ಸೋಂಕು ಒಂಟೆಗಳಿಂದ ಮನುಷ್ಯರಿಗೆ ಬರುತ್ತದೆ. ಕತಾರ್‌ನಲ್ಲೂ ಪ್ರಕರಣಗಳು ಕಂಡುಬಂದಿವೆ. ಸೋಂಕು ಅಪರೂಪ, ಒಂಟೆ ಹತ್ತಿದವರಿಗೆಲ್ಲ ತಗಲುವಂಥದ್ದೂ ಅಲ್ಲ. ಆದರೆ ತಗಲಿದಾಗ ಯಾರ ದೇಹ ತಡೆದುಕೊಳ್ಳುವುದಿಲ್ಲ ಎಂಬುದು ಚೆನ್ನಾಗಿ ಗೊತ್ತಿದೆ. ಸಕ್ಕರೆ ಕಾಯಿಲೆ ಇರುವವರು, ಮೂತ್ರಪಿಂಡ ಸೋತವರು, ದೀರ್ಘಕಾಲದ ಶ್ವಾಸಕೋಶದ ತೊಂದರೆ ಇರುವವರು, ರೋಗನಿರೋಧಕ ಶಕ್ತಿ ಕುಂದಿದವರು ಒಂಟೆಗಳ ಸಂಪರ್ಕದಿಂದ ದೂರವಿರಬೇಕು, ಹಸಿ ಒಂಟೆ ಹಾಲು ಕುಡಿಯಬಾರದು ಎಂದು ವಿಶ್ವ ಆರೋಗ್ಯ ಸಂಸ್ಥೆ ಸಲಹೆ ನೀಡಿದೆ. ಮಾವನವರು ಆ ಪಟ್ಟಿಯಲ್ಲಿ ಮೊದಲ ಸಾಲಿನಲ್ಲೇ ಇದ್ದಾರೆ. ‘ಓಡಾಟಕ್ಕೆ ಸದಾ ಮುಂದು’ ಎಂದು ನೀವು ಬರೆದಿದ್ದೀರಿ. ಅಂಥವರಿಗೆ ಬೇಡ ಎನ್ನುವುದು ಸೊಸೆಯಾದ ನಿಮಗೆ ಕಷ್ಟ. ನಿಮ್ಮವರ ಬಾಯಿಂದಲೇ ಹೇಳಿಸಿ. ಹೊರಡುವ ಮುನ್ನ ಮನೆಯಲ್ಲೇ ಹೇಳಿಸಿ. ಒಂಟೆಯ ಎದುರು ನಿಲ್ಲಿಸಿಕೊಂಡು ಹೇಳಿದರೆ ಅವರಿಗೆ ನೋವಾಗುತ್ತದೆ. ಅವರು ದೂರದಲ್ಲಿ ಕುರ್ಚಿ ಹಾಕಿಕೊಂಡು ಮೊಮ್ಮಗಳ ಸವಾರಿಯ ಫೋಟೋ ತೆಗೆಯಲಿ. ಗಾಡಿಯ ಪ್ರವಾಸ ಪೂರ್ತಿ ಅವರದೇ.

ಉಳಿದವರಿಗೂ ಎರಡು ಮಾತು. ಒಂಟೆಯ ಮೂಗು, ಬಾಯಿಯ ಹತ್ತಿರ ಮುಖ ಒಯ್ಯಬೇಡಿ, ಮುತ್ತಿಡುವ ಭಂಗಿಯ ಫೋಟೋ ಬೇಡ. ಇಳಿದ ಕೂಡಲೇ ಸೋಪು ಹಾಕಿ ಕೈ ತೊಳೆಯಿರಿ, ಮಗಳ ಕೈಯನ್ನು ನೀವೇ ತೊಳೆಸಿ, ಆಮೇಲಷ್ಟೇ ತಿಂಡಿಯ ಡಬ್ಬಿ ತೆರೆಯಿರಿ.

ಅತ್ತೆಯವರು ಒಂಟೆ ಹತ್ತಬಹುದೇ? ಅದನ್ನು ತೀರ್ಮಾನಿಸಲು ಒಂಟೆ ಹೇಗೆ ಏಳುತ್ತದೆ ಎಂಬುದು ಗೊತ್ತಿರಬೇಕು. ಕುಳಿತ ಒಂಟೆ ಮೊದಲು ಹಿಂಗಾಲುಗಳನ್ನು ಎತ್ತುತ್ತದೆ. ಆಗ ಮೇಲಿದ್ದವರು ಇದ್ದಕ್ಕಿದ್ದಂತೆ ಮುಂದಕ್ಕೆ ವಾಲುತ್ತಾರೆ. ಸಾವರಿಸಿಕೊಳ್ಳುವಷ್ಟರಲ್ಲಿ ಮುಂಗಾಲು ನೆಟ್ಟಗಾಗಿ ಹಿಂದಕ್ಕೆ ಎಳೆದಂತಾಗುತ್ತದೆ. ಕೂರುವಾಗ ಮೊದಲು ಮುಂಗಾಲು ಮಡಿಯುವುದರಿಂದ ಮತ್ತೆ ಮುಂದಕ್ಕೇ ಮುಗ್ಗರಿಸಿದಂತಾಗುತ್ತದೆ. ಹೆಚ್ಚಿನವರು ಬೀಳುವುದು ಈ ಎರಡು ಕ್ಷಣಗಳಲ್ಲಿ. ನಡಿಗೆಯಲ್ಲಿ ಬೀಳುವವರು ಕಡಿಮೆ. ಏಳುವಾಗಲೂ ಕೂರುವಾಗಲೂ ಹಿಡಿಯನ್ನು ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದು ಬೆನ್ನನ್ನು ಹಿಂದಕ್ಕೆ ವಾಲಿಸಬೇಕು, ಮೊಬೈಲ್ ಚೀಲದೊಳಗಿರಬೇಕು. ನಡಿಗೆಯಲ್ಲಿ ಒಂಟೆ ಒಂದೇ ಬದಿಯ ಎರಡು ಕಾಲುಗಳನ್ನು ಹೆಚ್ಚುಕಡಿಮೆ ಒಟ್ಟಿಗೆ ಎತ್ತಿಡುತ್ತದೆ. ಹಾಗಾಗಿ ಮೇಲೆ ಕುಳಿತವರ ಸೊಂಟ ಬಲಕ್ಕೂ ಎಡಕ್ಕೂ ತೂಗುತ್ತಲೇ ಇರುತ್ತದೆ. ಆ ತೂಗಾಟಕ್ಕೆ ದೇಹವನ್ನು ಬಿಟ್ಟುಕೊಟ್ಟರೆ ಹಿತವಾಗಿರುತ್ತದೆ, ಬಿಗಿದುಕೊಂಡು ಕುಳಿತರೆ ಮರುದಿನ ತೊಡೆ ನೋಯುತ್ತದೆ.

ಮಂಡಿನೋವಿನವರಿಗೆ ತೊಂದರೆ ಕೊಡುವುದು ಸವಾರಿಗಿಂತ ಹತ್ತಿ ಇಳಿಯುವುದು. ಒಂಟೆ ಕುಳಿತಿದ್ದರೂ ಅದರ ಬೆನ್ನಿನ ಮೇಲೆ ಕಾಲು ದಾಟಿಸಬೇಕು, ಎರಡೂ ಕಾಲುಗಳನ್ನು ಅಗಲಿಸಿ ಕೂರಬೇಕು, ಊರಲು ರಿಕಾಬು ಇರುವುದಿಲ್ಲ. ಸೀರೆಯಲ್ಲಿ ಇದು ಆಗದ ಮಾತು. ನೆರಿಗೆ ಜೀನಿಗೆ ಸಿಕ್ಕಿಕೊಂಡರೆ ಇಳಿಯುವಾಗ ಅಪಾಯ. ಅವರಿಗೆ ಮನಸ್ಸಿದ್ದರೆ ಆ ಒಂದು ಬೆಳಗಿಗೆ ಸಡಿಲವಾದ ಚೂಡಿದಾರ ಒಪ್ಪಿಸಿ ನೋಡಿ. ಇನ್ನೊಂದು ಸೂಕ್ಷ್ಮ ಇದೆ. ಇಲ್ಲಿನ ಒಂಟೆಯವರು ಹೆಂಗಸರನ್ನು ಕೈಹಿಡಿದು ಹತ್ತಿಸಲು ಸಂಕೋಚಪಡುತ್ತಾರೆ, ಅದು ಅವರ ಮರ್ಯಾದೆ. ಆದ್ದರಿಂದ ಹತ್ತುವಾಗಲೂ ಇಳಿಯುವಾಗಲೂ ನಿಮ್ಮವರೇ ಅಮ್ಮನ ಪಕ್ಕದಲ್ಲಿ ನಿಲ್ಲಬೇಕು. ಮೊದಲು ನೀವು ಮತ್ತು ಮಗಳು ಹತ್ತಿ ಒಂದು ಸುತ್ತು ಬನ್ನಿ. ಅದನ್ನು ನೋಡಿದ ಮೇಲೆ ಅತ್ತೆಯವರೇ ಹೇಳಲಿ. ಬೇಡ ಎಂದರೆ ಒತ್ತಾಯಿಸಬೇಡಿ. ‘ಇಷ್ಟು ದೂರ ಬಂದು ಹತ್ತದೇ ಹೋಗುವುದೇ’ ಎಂಬ ಮಾತಿಗೆ ಮಣಿದು ಮಂಡಿ ಉಳುಕಿಸಿಕೊಂಡವರು ಉಳಿದ ರಜೆಯನ್ನು ಸೋಫಾದ ಮೇಲೆ ಕಳೆಯುತ್ತಾರೆ.

ಮಗಳನ್ನು ಒಬ್ಬಳೇ ಕೂರಿಸಬೇಡಿ. ನಿಮ್ಮ ಮುಂದೆ ಕೂರಲಿ, ನಿಮ್ಮ ಕೈ ಅವಳ ಸುತ್ತ ಇರಲಿ. ಸೈಕಲ್ ಹೆಲ್ಮೆಟ್ ಮನೆಯಲ್ಲಿದ್ದರೆ ತಂದು ಹಾಕಿ, ಯಾರು ಏನೆಂದುಕೊಂಡರೂ ಪರವಾಗಿಲ್ಲ. ನಿಂತ ಒಂಟೆಯ ಬೆನ್ನು ನೆಲದಿಂದ ಸುಮಾರು ಎರಡು ಮೀಟರ್ ಎತ್ತರದಲ್ಲಿರುತ್ತದೆ.

ಯಾವ ಒಂಟೆ ಹತ್ತಬೇಕು ಎಂಬುದನ್ನು ಜನ ಜೀನಿನ ಬಣ್ಣ, ಗೊಂಡೆ ನೋಡಿ ಆರಿಸುತ್ತಾರೆ. ನೀವು ಪ್ರಾಣಿಯನ್ನು ನೋಡಿ. ನೆರಳಲ್ಲೋ ಬಯಲಲ್ಲೋ ಕುಳಿತು ಸಮಾಧಾನದಿಂದ ಮೆಲುಕು ಹಾಕುತ್ತಿರುವುದು ಒಳ್ಳೆಯ ಲಕ್ಷಣ. ಮುಖಕ್ಕೆ ಬಲೆಯಂಥ ಮುಸುಕು ಹಾಕಿರುವುದನ್ನು ಕಂಡು ಗಾಬರಿಯಾಗಬೇಡಿ, ಅದು ಕಚ್ಚದಂತೆ, ಕಂಡದ್ದನ್ನು ತಿನ್ನದಂತೆ ಹಾಕುವುದು. ಏಳುವಾಗ ಗುರುಗುಟ್ಟುವುದೂ ಒಂಟೆಗೆ ಸಹಜವೇ. ಜೀನಿನ ಅಂಚಿನಲ್ಲಿ ಹುಣ್ಣಿದ್ದರೆ, ಕುಂಟುತ್ತಿದ್ದರೆ, ಎಬ್ಬಿಸಲು ಮತ್ತೆ ಮತ್ತೆ ಹೊಡೆಯಬೇಕಾಗುತ್ತಿದ್ದರೆ ಅದನ್ನು ಬಿಡಿ. ನೀವು ಹೋಗುವುದು ಜನವರಿಯಲ್ಲಿ, ಅದು ಗಂಡು ಒಂಟೆಗಳ ಬೆದೆಗಾಲ. ಬಾಯಿಂದ ನೊರೆ ಸುರಿಸುತ್ತ, ಬಾಯಿಯ ಪಕ್ಕದಿಂದ ಕೆಂಪು ಚೀಲದಂಥದ್ದನ್ನು ಹೊರಹಾಕಿ ಬುಡುಬುಡು ಸದ್ದು ಮಾಡುವ ಗಂಡು ಕಂಡರೆ ಹತ್ತಿರವೂ ಸುಳಿಯಬೇಡಿ. ಅಂಥದ್ದನ್ನು ಪ್ರವಾಸಿಗರಿಗೆ ಕೊಡುವವರು ಕಡಿಮೆ, ಆದರೂ ನೋಡುವ ಕಣ್ಣು ನಿಮಗಿರಲಿ.

2022ರ ವಿಶ್ವಕಪ್ ಫುಟ್‌ಬಾಲ್ ಸಮಯದಲ್ಲಿ ಈ ಮೆಸಾಯೀದ್ ತೀರದ ಒಂಟೆಗಳು ಬೆಳಗಿನಿಂದ ಸಂಜೆಯವರೆಗೆ ಬಿಡುವಿಲ್ಲದೆ ಜನರನ್ನು ಹೊತ್ತದ್ದು ಸುದ್ದಿಸಂಸ್ಥೆಗಳಲ್ಲಿ ವರದಿಯಾಗಿತ್ತು. ಒಂಟೆಗಳು ದಣಿದು ಏಳಲು ಒಲ್ಲೆನೆಂದವು, ಒಂಟೆಯವರೂ ದಣಿದರು. ಅವರಲ್ಲಿ ಸುಡಾನ್‌ನಿಂದ ದುಡಿಯಲು ಬಂದವರಿದ್ದರು. ದುಡಿಮೆಗಾಗಿ ಕಡಲು ದಾಟಿದ ಮನೆತನಗಳು ನಮ್ಮ ಕರಾವಳಿಯಲ್ಲಿ ಎಷ್ಟಿಲ್ಲ! ಅವರೊಂದಿಗೆ ಎರಡು ಮಾತಾಡಿ. ಹಲವರಿಗೆ ಸ್ವಲ್ಪ ಹಿಂದಿ ತಿಳಿಯುತ್ತದೆ. ಒಂಟೆಯ ಹೆಸರು ಕೇಳಿ. ಸವಾರಿಯ ದುಡ್ಡು ಪ್ರವಾಸ ಕಂಪನಿಗೆ ಸಂದಾಯವಾಗಿದ್ದರೂ ಒಂಟೆಯವರ ಕೈಗೆ ಪ್ರತ್ಯೇಕವಾಗಿ ಏನಾದರೂ ಕೊಡಿ. ಇಬ್ಬರು ದೊಡ್ಡವರು ಒಂದೇ ಒಂಟೆಯ ಮೇಲೆ ಕೂರುವುದನ್ನು ನಾನು ಒಪ್ಪುವುದಿಲ್ಲ, ಕೂರಿಸುತ್ತೇವೆ ಎಂದು ಅವರೇ ಹೇಳಿದರೂ.

ನೀವು ಕೇಳಿದ ಯಾವುದು ಮೊದಲು ಎಂಬ ಪ್ರಶ್ನೆಗೆ ಬರುತ್ತೇನೆ. ಬಹಳಷ್ಟು ಪ್ರವಾಸಗಳಲ್ಲಿ ಒಂಟೆ ಸವಾರಿ ಎಂದರೆ ಚಾಲಕ ಟೈರಿನ ಗಾಳಿ ಇಳಿಸುವ ಹತ್ತು ನಿಮಿಷದ ಬಿಡುವಿಗೆ ತುರುಕಿದ ಒಂದು ಸುತ್ತು. ಒಂಟೆ ಏಳುತ್ತದೆ, ಐವತ್ತು ಹೆಜ್ಜೆ ಹೋಗಿ ತಿರುಗುತ್ತದೆ, ಅಷ್ಟರಲ್ಲಿ ಚಾಲಕ ಹಾರ್ನ್ ಹಾಕುತ್ತಾನೆ. ಪಣಂಬೂರಿನ ತೀರದಲ್ಲಿ ಒಂಟೆ ಹತ್ತಿದವರಿಗೆ ಈ ಐವತ್ತು ಹೆಜ್ಜೆಯಲ್ಲಿ ಹೊಸತೇನೂ ಸಿಗುವುದಿಲ್ಲ. ಅದರ ಬದಲು ಗಾಡಿ ಹೊರಡುವ ಮುಕ್ಕಾಲು ಗಂಟೆ ಮೊದಲೇ ನೀವು ಸೀಲೈನ್ ಮುಟ್ಟಿ, ಒಂಟೆಯವರೊಂದಿಗೆ ನೇರವಾಗಿ ಮಾತಾಡಿ, ಅರ್ಧ ಗಂಟೆ ನಿಧಾನವಾಗಿ ನಡೆಸಿಕೊಂಡು ಬರಲು ಹೇಳಿ. ನೀರಿನ ಅಂಚಿನ ಜಾರುವ ಒದ್ದೆ ಮರಳಿಗೆ ಒಂಟೆಯನ್ನು ಇಳಿಸಲು ಒತ್ತಾಯಿಸಬೇಡಿ. ಒಣಮರಳಿನಲ್ಲಿ ಸ್ಥಿರವಾಗಿ ನಿಲ್ಲುವ ಅದರ ಪಾದ ನುಣುಪಾದ ಕೆಸರಿನಲ್ಲಿ ಜಾರುತ್ತದೆ.

ಒಂಟೆಯನ್ನು ಕೊನೆಗಿಟ್ಟರೆ ಏನಾಗುತ್ತದೆ? ದಿಬ್ಬಗಳಲ್ಲಿ ಓಲಾಡಿ ಬಂದವರ ತಲೆ ತಿರುಗುತ್ತಿರುತ್ತದೆ, ಕಾಲು ನಡುಗುತ್ತಿರುತ್ತದೆ. ಹತ್ತಿ ಇಳಿಯುವುದಕ್ಕೆ ಬೇಕಾದ ಹಿಡಿತ ಆಗ ಇರುವುದಿಲ್ಲ. ಒಂಟೆಯೂ ಅಷ್ಟರಲ್ಲಿ ಹತ್ತಾರು ಮಂದಿಯನ್ನು ಹೊತ್ತಿರುತ್ತದೆ.

ಒಂಟೆ ಮೊದಲಿರಲಿ ಎನ್ನುವುದಕ್ಕೆ ನನಗೆ ಬಹಳ ಇಷ್ಟವಾದ ಇನ್ನೊಂದು ಕಾರಣವಿದೆ. ಮಗಳಿಗೆ ಒಂಟೆಯ ಪಾದ ತೋರಿಸಿ. ಎರಡೇ ಬೆರಳು, ಕೆಳಗೆ ಅಗಲವಾದ ಮೆತ್ತನೆಯ ಅಂಗಾಲು. ಹೆಜ್ಜೆ ಊರಿದಾಗ ಅದು ಹರಡಿಕೊಳ್ಳುತ್ತದೆ, ನಾಲ್ಕೈದು ಕ್ವಿಂಟಲ್ ಭಾರ ಅಗಲವಾದ ಜಾಗಕ್ಕೆ ಹಂಚಿಹೋಗಿ ಕಾಲು ಹೂತುಹೋಗುವುದಿಲ್ಲ. ಅಲ್ಲಿಂದ ಹತ್ತು ಹೆಜ್ಜೆ ದೂರದಲ್ಲಿ ಚಾಲಕ ಲ್ಯಾಂಡ್ ಕ್ರೂಸರ್‌ನ ಟೈರಿನಿಂದ ಬುಸ್ ಎಂದು ಗಾಳಿ ಬಿಡುತ್ತಿರುತ್ತಾನೆ. ರಸ್ತೆಯ ಮೇಲೆ 35ರ ಆಸುಪಾಸು ಇದ್ದ ಒತ್ತಡವನ್ನು ಮರಳಿಗೆ 15ರಿಂದ 18 ಪಿಎಸ್ಐಗೆ ಇಳಿಸುತ್ತಾರೆ. ಟೈರು ಚಪ್ಪಟೆಯಾಗಿ ನೆಲ ಮುಟ್ಟುವ ಭಾಗ ಉದ್ದವಾಗುತ್ತದೆ, ಎರಡು ಟನ್ನಿಗೂ ಹೆಚ್ಚಿನ ಗಾಡಿ ಮರಳಿನ ಮೇಲೆ ತೇಲಿದಂತೆ ಸಾಗುತ್ತದೆ. ಒಂಟೆಯ ಪಾದ ಮಾಡುವ ಕೆಲಸವನ್ನೇ ಟೈರು ಮಾಡುತ್ತಿದೆ. ಏಳು ವರ್ಷದ ಮಗು ಅದನ್ನು ಕಣ್ಣಾರೆ ನೋಡಿ ಅರ್ಥಮಾಡಿಕೊಳ್ಳಬಲ್ಲದು. ಎರಡು ಸಾಲು ರೆಪ್ಪೆಗೂದಲು, ಬೇಕೆಂದಾಗ ಮುಚ್ಚಿಕೊಳ್ಳುವ ಮೂಗಿನ ಹೊಳ್ಳೆ, ಇವನ್ನೂ ತೋರಿಸಿ. ಡುಬ್ಬದಲ್ಲಿ ಇರುವುದು ಕೊಬ್ಬು, ನೀರಲ್ಲ ಎಂಬುದನ್ನು ಮಾವನವರೇ ವಿವರಿಸಲಿ.

ಗಾಡಿಯ ಪ್ರವಾಸದಲ್ಲಿ ನನಗೆ ಹೆಚ್ಚು ಚಿಂತೆ ಇರುವುದು ಅತ್ತೆಯವರ ಬೆನ್ನಿನ ಬಗ್ಗೆ. ದಿಬ್ಬದ ನೆತ್ತಿಯಿಂದ ಗಾಡಿ ಕ್ಷಣಕಾಲ ಗಾಳಿಗೆ ಹಾರಿ ನೆಲಕ್ಕೆ ಬಡಿದರೆ ಆ ಪೆಟ್ಟು ಸೀಟಿನ ಮೂಲಕ ನೇರವಾಗಿ ಬೆನ್ನುಮೂಳೆಗೆ ಹೋಗುತ್ತದೆ. ಯುವಕರು ಕೇಕೆ ಹಾಕುತ್ತಾರೆ. ಮುಟ್ಟು ನಿಂತ ನಂತರ ಮೂಳೆ ತೆಳುವಾದ ಹೆಂಗಸರಲ್ಲಿ ಅದೇ ಪೆಟ್ಟಿಗೆ ಕಶೇರುಖಂಡ ಕುಸಿಯಬಹುದು. ಸೀಟ್ ಬೆಲ್ಟ್ ಇದನ್ನು ತಡೆಯುವುದಿಲ್ಲ. ಅದು ಮುಂದಕ್ಕೆ ಎಸೆಯಲ್ಪಡುವುದನ್ನು ತಡೆಯುತ್ತದೆ ಅಷ್ಟೇ. ಕಾಯ್ದಿರಿಸುವಾಗಲೇ ಹೇಳಿ: ನಮಗೆ ಡ್ಯೂನ್ ಬ್ಯಾಷಿಂಗ್ ಬೇಡ, ದಿಬ್ಬಗಳ ನಡುವಿನ ತಗ್ಗಿನ ದಾರಿಯಲ್ಲಿ ನಿಧಾನವಾಗಿ ಇನ್‌ಲ್ಯಾಂಡ್ ಸೀಗೆ ಕರೆದೊಯ್ಯಿರಿ. ಬೇರೆಯವರೊಂದಿಗೆ ಹಂಚಿಕೊಂಡ ಗಾಡಿಯಲ್ಲಿ ಈ ಮಾತು ನಡೆಯುವುದಿಲ್ಲ, ಉಳಿದವರು ಹಾರಿಸಲು ಹೇಳುತ್ತಾರೆ. ಐದು ಜನರಿದ್ದೀರಿ, ಪೂರ್ತಿ ಗಾಡಿ ತೆಗೆದುಕೊಳ್ಳಿ. ಅದೊಂದಕ್ಕೆ ಹೆಚ್ಚು ಖರ್ಚಾದರೂ ಚಿಂತಿಸಬೇಡಿ.

ಕೂರುವ ಜಾಗವೂ ಮುಖ್ಯ. ಮೂರನೆಯ ಸಾಲು ಹಿಂದಿನ ಚಕ್ರಗಳ ಮೇಲೆಯೇ ಇರುವುದರಿಂದ ಅಲ್ಲಿ ಎತ್ತಿಹಾಕುವುದು ಅತಿ ಹೆಚ್ಚು. ಅಲ್ಲಿ ಹಿರಿಯರೂ ಮಗುವೂ ಬೇಡ. ಅತ್ತೆ ಮುಂದೆ, ಉಳಿದ ನಾಲ್ವರು ನಡುವಿನ ಸಾಲಿನಲ್ಲಿ ಎಂದರೆ ಬೆಲ್ಟ್ ಮೂರೇ ಇರುತ್ತವೆ. ಹಾಗಾಗಿ ನಿಮ್ಮವರು ಬೇಕಾದರೆ ಮೂರನೆಯ ಸಾಲನ್ನು ಸಹಿಸಿಕೊಳ್ಳಲಿ. ಮಗಳನ್ನು ತೊಡೆಯ ಮೇಲೆ ಕೂರಿಸಿಕೊಳ್ಳುವುದು ಖಂಡಿತ ಕೂಡದು, ಅವಳ ಬೂಸ್ಟರ್ ಸೀಟನ್ನು ನಿಮ್ಮ ಕಾರಿನಿಂದ ತೆಗೆದು ಇದಕ್ಕೆ ಹಾಕಿ. ಅತ್ತೆಯವರ ಸೊಂಟದ ಹಿಂದೆ ಒಂದು ಚಿಕ್ಕ ದಿಂಬು ಇಡಿ. ಅವರಿಗೆ ಈಗಾಗಲೇ ಮೂಳೆ ಟೊಳ್ಳಾಗಿದೆ (ಆಸ್ಟಿಯೊಪೊರೋಸಿಸ್) ಎಂದು ವೈದ್ಯರು ಹೇಳಿದ್ದರೆ, ಅಥವಾ ಹಿಂದೆ ಬೆನ್ನಿನ ಮೂಳೆ ಮುರಿದಿದ್ದರೆ, ನಿಧಾನದ ದಾರಿಯೂ ಬೇಡ. ಸೀಲೈನ್‌ನ ತೀರದಲ್ಲೇ ಇಡೀ ಬೆಳಿಗ್ಗೆ ಕಳೆಯಿರಿ, ಅಲ್ಲಿಯೂ ಕಡಲಿದೆ, ದಿಬ್ಬವಿದೆ. ಗರ್ಭಿಣಿಯರು, ಇತ್ತೀಚೆಗೆ ಕಣ್ಣಿನ ಅಥವಾ ಹೃದಯದ ಶಸ್ತ್ರಚಿಕಿತ್ಸೆ ಆದವರು ಈ ಪ್ರವಾಸಕ್ಕೆ ಹೋಗಬಾರದು ಎಂಬುದನ್ನು ಬೇರೆ ಓದುಗರಿಗಾಗಿ ಹೇಳುತ್ತಿದ್ದೇನೆ.

ನಿಮ್ಮವರ ಪ್ರಾಡೊ ಬಗ್ಗೆ. ಗಾಡಿ ಸಮರ್ಥವೇ, ಅದರಲ್ಲಿ ಅನುಮಾನವಿಲ್ಲ. ಆದರೆ ಇಲ್ಲಿನ ದಿಬ್ಬಗಳ ಆಕಾರವನ್ನು ಒಮ್ಮೆ ಯೋಚಿಸಿ. ಕತಾರ್‌ನಲ್ಲಿ ಬೀಸುವ ಮುಖ್ಯ ಗಾಳಿ ಶಮಾಲ್, ವಾಯವ್ಯದಿಂದ ಬರುವಂಥದ್ದು. ಅದು ಮರಳನ್ನು ತಳ್ಳಿ ಅರ್ಧಚಂದ್ರಾಕಾರದ ದಿಬ್ಬಗಳನ್ನು ಕಟ್ಟುತ್ತದೆ. ಗಾಳಿಗೆ ಎದುರಾದ ಬದಿ ಸಾವಕಾಶವಾದ ಏರು, ಗಾಳಿಯ ಮರೆಯ ಬದಿ ಮೂವತ್ತು ಡಿಗ್ರಿ ದಾಟಿದ ಕಡಿದಾದ ಇಳಿಜಾರು. ಸೀಲೈನ್‌ನಿಂದ ದಕ್ಷಿಣಕ್ಕೆ ಹೋಗುವಾಗ ನೀವು ಗಾಳಿಯ ದಿಕ್ಕಿನಲ್ಲೇ ಸಾಗುತ್ತೀರಿ. ಸಾವಕಾಶವಾಗಿ ಏರಿ ಕಡಿದಾದ ಕಡೆ ಜಾರಿ ಇಳಿಯುವುದು ಹೊಸಬರಿಗೂ ಸುಲಭವೆನಿಸುತ್ತದೆ, ಧೈರ್ಯ ಬರುತ್ತದೆ. ಹಿಂದಿರುಗುವಾಗ ಅದೇ ಇಳಿಜಾರುಗಳು ಎದುರಿಗೆ ಗೋಡೆಯಾಗಿ ನಿಲ್ಲುತ್ತವೆ. ಹತ್ತಲಾಗುವುದಿಲ್ಲ, ದಿಬ್ಬದ ತುದಿ ಹುಡುಕಿ ಬಳಸಿಕೊಂಡು ಬರಬೇಕು. ದಾರಿ ಗೊತ್ತಿಲ್ಲದವರು ಸಿಕ್ಕಿಬೀಳುವುದು ಇಲ್ಲಿಯೇ. ಇಳಿಜಾರಿನಲ್ಲಿ ಗಾಬರಿಯಾಗಿ ಬ್ರೇಕ್ ಒತ್ತಿ ಗಾಡಿ ಅಡ್ಡ ತಿರುಗಿದರೆ ಪಲ್ಟಿಯಾಗುತ್ತದೆ. ಇಳಿಯುವುದಾದರೆ ನೇರವಾಗಿ, ಕಡಿಮೆ ಗೇರಿನಲ್ಲಿ, ಸ್ಟೀರಿಂಗ್ ಅಲುಗಿಸದೆ ಇಳಿಯಬೇಕು.

ಮರಳಿಗಿಂತ ಮೋಸದ ನೆಲ ಇನ್ನೊಂದಿದೆ: ಸಬ್ಖಾ. ಇನ್‌ಲ್ಯಾಂಡ್ ಸೀಯ ಸುತ್ತಮುತ್ತ ಇದು ಅಲ್ಲಲ್ಲಿ ಹರಡಿದೆ. ಮೇಲೆ ಒಣಗಿದ ಉಪ್ಪಿನ ಗಟ್ಟಿ ಪದರ, ನೋಡಲು ಕ್ರಿಕೆಟ್ ಮೈದಾನದಷ್ಟು ಸಮತಟ್ಟು. ಕೆಳಗೆ ಉಪ್ಪುನೀರಿನ ಕೆಸರು. ಪದರ ಒಡೆದರೆ ಗಾಡಿ ಅಚ್ಚಿನವರೆಗೆ ಇಳಿಯುತ್ತದೆ, ಜೊತೆಗಿದ್ದ ಗಾಡಿ ಎಳೆಯಲು ಹೋದರೆ ಅದೂ ಇಳಿಯುತ್ತದೆ. ಉಬ್ಬರ ಬಂದಾಗ ಹೋದ ದಾರಿಯೇ ನೀರಿನಡಿ ಸೇರುವುದೂ ಉಂಟು. ದಂಡೆಯ ನಮಗೆ ಉಬ್ಬರ ಇಳಿತದ ಲೆಕ್ಕ ಹೊಸದಲ್ಲ, ಆದರೆ ಗಾಡಿಯ ದಾರಿಯನ್ನು ಅದರ ಲೆಕ್ಕದಲ್ಲಿ ಆರಿಸುವುದು ಇಲ್ಲಿ ಓಡಾಡಿದವರಿಗಷ್ಟೇ ಗೊತ್ತು. ನಿಮ್ಮವರಿಗೆ ನಿಜವಾಗಿ ಕಲಿಯುವ ಆಸೆಯಿದ್ದರೆ ಅದು ಒಳ್ಳೆಯದೇ. ಅನುಭವಿಗಳ ತಂಡದೊಂದಿಗೆ, ಎರಡು ಮೂರು ಗಾಡಿಗಳ ಜೊತೆ, ಸಲಿಕೆ, ಎಳೆಯುವ ಪಟ್ಟಿ, ಗಾಳಿ ತುಂಬುವ ಪಂಪು ಇಟ್ಟುಕೊಂಡು ಇನ್ನೊಂದು ದಿನ ಕಲಿಯಲಿ. ವಯಸ್ಸಾದ ತಂದೆ ತಾಯಿಯನ್ನು ಕೂರಿಸಿಕೊಂಡು ಕಲಿಯುವ ವಿದ್ಯೆ ಇದಲ್ಲ. ಬಾಡಿಗೆಗೆ ತಂದ ಕಾರಿನಲ್ಲಂತೂ ಮರಳಿಗಿಳಿಯುವ ಯೋಚನೆಯೇ ಬೇಡ, ಬಾಡಿಗೆ ಕರಾರುಗಳಲ್ಲಿ ಸಾಮಾನ್ಯವಾಗಿ ರಸ್ತೆ ಬಿಟ್ಟು ಓಡಿಸಿದಾಗಿನ ಹಾನಿಗೆ ವಿಮೆ ಇರುವುದಿಲ್ಲ.

ಕ್ವಾಡ್ ಬೈಕ್‌ಗೆ ನನ್ನ ಉತ್ತರ ಚಿಕ್ಕದು: ಬೇಡ. ಹದಿನಾರು ವರ್ಷದೊಳಗಿನ ಮಕ್ಕಳು ಇದನ್ನು ಓಡಿಸಬಾರದು ಎಂದು ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ ವರ್ಷಗಳಿಂದ ಹೇಳುತ್ತಿದೆ, ಹಿಂದೆ ಯಾರನ್ನೂ ಕೂರಿಸಿಕೊಳ್ಳಬಾರದು ಎಂದೂ ಹೇಳುತ್ತದೆ. ಬೈಕು ಮಗುಚಿದರೆ ಅದರ ಭಾರ ಸವಾರನ ಮೇಲೆಯೇ ಬೀಳುತ್ತದೆ. ಚಳಿಗಾಲದ ಶಿಬಿರಗಳ ಕಾಲದಲ್ಲಿ ಕತಾರ್‌ನ ಸರ್ಕಾರಿ ಆಸ್ಪತ್ರೆಗಳ ಸಂಸ್ಥೆ ಹಮದ್ ಮೆಡಿಕಲ್ ಕಾರ್ಪೊರೇಷನ್ ಸೀಲೈನ್‌ನಲ್ಲೇ ಕ್ಲಿನಿಕ್ ತೆರೆದಿಡುತ್ತದೆ. ಮರಳಿನಲ್ಲಿ ಎಷ್ಟು ಜನ ಪೆಟ್ಟು ಮಾಡಿಕೊಳ್ಳುತ್ತಾರೆ ಎಂಬುದಕ್ಕೆ ಬೇರೆ ಸಾಕ್ಷಿ ಬೇಕಾಗಿಲ್ಲ. ಮಗಳಿಗೆ ಬದಲಿಗೆ ಏನಾದರೂ ಕೊಡಬೇಕಲ್ಲ? ಒಂದು ಅಗಲ ಪ್ಲಾಸ್ಟಿಕ್ ಹಲಗೆ ತೆಗೆದುಕೊಂಡು ಹೋಗಿ. ಚಿಕ್ಕ ದಿಬ್ಬದ ಮೇಲಿಂದ ಕುಳಿತು ಜಾರಲಿ, ಮತ್ತೆ ಹತ್ತಲಿ. ಕೆಳಗೆ ಗಾಡಿಗಳು ಓಡಾಡದ ಜಾಗವನ್ನು ಚಾಲಕರೇ ತೋರಿಸುತ್ತಾರೆ.

ಬೆಳಿಗ್ಗೆ ಏಕೆ ಎಂದು ನೀವು ಕೇಳಬಹುದು, ಎಲ್ಲರೂ ಸೂರ್ಯಾಸ್ತಕ್ಕೆ ಹೋಗುವಾಗ. ಆ ಸೂರ್ಯಾಸ್ತ ನಿಜಕ್ಕೂ ಚೆಂದ. ಆದರೆ ಜನವರಿಯಲ್ಲಿ ಸಂಜೆ ಐದರ ಸುಮಾರಿಗೇ ಸೂರ್ಯ ಮುಳುಗುತ್ತಾನೆ. ಕತ್ತಲಾದರೆ ದಿಬ್ಬದ ನೆತ್ತಿ ಕಾಣದು, ಚಾಲಕರು ಅವಸರ ಮಾಡುತ್ತಾರೆ, ಅವಸರದ ಗಾಡಿಯೇ ಅತ್ತೆಯವರ ಬೆನ್ನಿಗೆ ಶತ್ರು. ಶುಕ್ರವಾರ ಸಂಜೆ ಸೀಲೈನ್‌ನಲ್ಲಿ ಗಾಡಿ, ಬೈಕು, ಬಗ್ಗಿಗಳ ಜಾತ್ರೆ. ಬೆಳಗಿನ ಓರೆ ಬಿಸಿಲಿನಲ್ಲಿ ನೆರಳು ಉದ್ದವಾಗಿ ಬಿದ್ದು ದಿಬ್ಬಗಳ ಏರಿಳಿತ ಸ್ಪಷ್ಟವಾಗಿರುತ್ತದೆ, ಇಬ್ಬನಿ ಬಿದ್ದ ಮರಳು ತುಸು ಗಟ್ಟಿಯಾಗಿರುತ್ತದೆ, ಗಾಳಿ ಇನ್ನೂ ಎದ್ದಿರುವುದಿಲ್ಲ, ಒಂಟೆ ದಣಿದಿರುವುದಿಲ್ಲ. ಶನಿವಾರ ಬೆಳಿಗ್ಗೆ ಎಂಟಕ್ಕೆ ಸೀಲೈನ್, ಒಂಬತ್ತಕ್ಕೆ ಗಾಡಿ, ಊಟದ ಹೊತ್ತಿಗೆ ದೋಹಾ. ಒಂದೇ ತೊಂದರೆ ಮಂಜು. ಚಳಿಗಾಲದ ಕೆಲವು ಬೆಳಿಗ್ಗೆ ಮೆಸಾಯೀದ್ ಕಡೆ ದಟ್ಟವಾಗಿ ಕವಿಯುತ್ತದೆ. ಹಿಂದಿನ ರಾತ್ರಿ ಹವಾಮಾನ ಎಚ್ಚರಿಕೆ ನೋಡಿ, ಮಂಜಿದ್ದರೆ ಎರಡು ಗಂಟೆ ತಡವಾಗಿ ಹೊರಡಿ. ದಿಬ್ಬಗಳಲ್ಲಿ ಕಡಿಮೆ ಹೊತ್ತು, ನೀರಿನ ಬಳಿ ಹೆಚ್ಚು ಹೊತ್ತು ಎಂದು ಚಾಲಕರಿಗೆ ಹೇಳಿಡಿ. ಅಲ್ಲಿ ಮೀನುಹಿಡಿಯುವ ಡೇಗೆಗಳು ಗೂಡು ಕಟ್ಟುತ್ತವೆ, ಚಳಿಗಾಲದಲ್ಲಿ ರಾಜಹಂಸಗಳು ಬರುತ್ತವೆ. ಮಾವನವರಿಗೆ ಒಂದು ದುರ್ಬೀನು ಕೊಟ್ಟರೆ ಒಂಟೆ ತಪ್ಪಿದ ಬೇಸರ ಕಳೆಯಬಹುದು. ಪೊದೆ, ಹುಲ್ಲು ಇರುವ ಕಡೆ ಗಾಡಿ ಹತ್ತಿಸಲು ಬಿಡಬೇಡಿ, ಕತಾರ್‌ನಲ್ಲಿ ಅದಕ್ಕೆ ದಂಡವಿದೆ. ಗಿಡ ಒಮ್ಮೆ ಸತ್ತರೆ ಇಲ್ಲಿ ಮತ್ತೆ ಚಿಗುರಲು ವರ್ಷಗಳು ಬೇಕು.

ಹೊರಡುವ ಎರಡು ಗಂಟೆ ಮೊದಲು ಎರಡು ಇಡ್ಲಿ ಸಾಕು. ಎಣ್ಣೆ ತಿಂಡಿ, ತುಂಬಿದ ಹೊಟ್ಟೆ ಎರಡೂ ದಿಬ್ಬಗಳಿಗೆ ಆಗಿಬರುವುದಿಲ್ಲ. ಹಾಗೆಂದು ಮಾವನವರು ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಂಡು ಹಸಿದು ಕೂರಬಾರದು. ಅವರ ಜೇಬಿನಲ್ಲಿ ಬೆಲ್ಲದ ತುಂಡೋ ಗ್ಲೂಕೋಸ್ ಬಿಸ್ಕತ್ತೋ ಇರಲಿ, ಇನ್ಸುಲಿನ್ ಗಾಡಿಯ ಬಿಸಿಲಿನಲ್ಲಿ ಬಿಡಬೇಡಿ. ಬರಿಗಾಲಲ್ಲಿ ನೀರಿಗಿಳಿಯಬಾರದು. ಬಹುಕಾಲದ ಸಕ್ಕರೆ ಕಾಯಿಲೆಯಲ್ಲಿ ಅಂಗಾಲಿನ ಸ್ಪರ್ಶ ಮಂದವಾಗಿ ಚಿಪ್ಪು ಕೊಯ್ದದ್ದೂ ತಿಳಿಯದೇ ಹೋಗಬಹುದು. ಬೆರಳು ಮುಚ್ಚುವ ಹಗುರ ಶೂ ಹಾಕಿಸಿ. ಇನ್‌ಲ್ಯಾಂಡ್ ಸೀ ದಡದಲ್ಲಿ ಶೌಚಾಲಯ ಇಲ್ಲ. ಹಿರಿಯರು ಸಂಕೋಚದಿಂದ ನೀರು ಕುಡಿಯುವುದನ್ನೇ ಬಿಟ್ಟುಬಿಡುತ್ತಾರೆ, ಅದು ಅಪಾಯ. ಸೀಲೈನ್‌ನಲ್ಲಿ ಎಲ್ಲರೂ ಮುಗಿಸಿಕೊಂಡೇ ಗಾಡಿ ಹತ್ತಿ, ಎರಡು ಗಂಟೆಯಲ್ಲಿ ಹಿಂತಿರುಗುವುದು ಎಂದು ಮೊದಲೇ ಹೇಳಿ. ಜನವರಿಯ ಬೆಳಗಿನ ಗಾಳಿ ಚಳಿ ಹುಟ್ಟಿಸುತ್ತದೆ. ಸ್ವೆಟರ್, ಅತ್ತೆಗೆ ಶಾಲು, ಎಲ್ಲರಿಗೂ ತಂಪು ಕನ್ನಡಕ.

ಕಾಯ್ದಿರಿಸುವ ಮುನ್ನ ಕಂಪನಿಗೆ ಕೇಳಬೇಕಾದದ್ದು ಇಷ್ಟು: ಗಾಡಿಗೆ ಪ್ರವಾಸದ ಪರವಾನಗಿ ಮತ್ತು ಪ್ರಯಾಣಿಕರ ವಿಮೆ ಇದೆಯೇ, ಎಲ್ಲ ಸೀಟಿಗೂ ಕೆಲಸ ಮಾಡುವ ಬೆಲ್ಟ್ ಇದೆಯೇ, ಒಂಟಿ ಗಾಡಿಯಾಗಿ ಹೋಗುವುದೇ ಅಥವಾ ಹತ್ತಿರದಲ್ಲಿ ಅವರದೇ ಇನ್ನೊಂದು ಗಾಡಿ ಇರುತ್ತದೆಯೇ, ಪ್ರಥಮ ಚಿಕಿತ್ಸೆಯ ಪೆಟ್ಟಿಗೆ ಇದೆಯೇ, ಒಂಟೆ ಸವಾರಿಯ ಹಣವನ್ನು ಕಳೆದು ಬರಿ ಗಾಡಿಗೆ ಎಷ್ಟು. ಕೊನೆಯದಕ್ಕೆ ಅವರು ಒಪ್ಪಿದರೆ ಒಂಟೆಯವರೊಂದಿಗೆ ನೀವೇ ಮಾತಾಡುವುದು ಸಲೀಸು. ತುರ್ತು ಕರೆಗೆ ಕತಾರ್‌ನಲ್ಲಿ 999. ದಿಬ್ಬಗಳ ನಡುವೆ ಮೊಬೈಲ್ ಸಿಗ್ನಲ್ ಎಲ್ಲೆಡೆ ಸಿಗುವುದಿಲ್ಲ, ಆದ್ದರಿಂದ ಎಷ್ಟು ಹೊತ್ತಿಗೆ ಹಿಂತಿರುಗುತ್ತೀರಿ ಎಂಬುದನ್ನು ದೋಹಾದಲ್ಲಿರುವ ಸ್ನೇಹಿತರೊಬ್ಬರಿಗೆ ತಿಳಿಸಿ ಹೊರಡಿ.

ಹಿಂತಿರುಗಿ ಸೀಲೈನ್ ತಲುಪಿದಾಗ ಚಾಲಕರು ಟೈರಿಗೆ ಗಾಳಿ ತುಂಬಿಸದೆ ಹೆದ್ದಾರಿಗೆ ಹತ್ತಲು ಹೊರಟರೆ ತಡೆಯಿರಿ. ಗಾಳಿ ಇಳಿದ ಟೈರು ವೇಗದಲ್ಲಿ ಕಾದು ಸಿಡಿಯಬಹುದು. ನೀವು ನಿಮ್ಮ ಪ್ರಾಡೊದಲ್ಲಿ ಬಂದಿದ್ದರೆ ಈ ಚಿಂ­ತೆಯೂ ಇಲ್ಲ. ಒಂಟೆ ಹತ್ತಿದವರಲ್ಲಿ ಯಾರಿಗಾದರೂ ಮುಂದಿನ 14 ದಿನಗಳಲ್ಲಿ ಜ್ವರ, ಕೆಮ್ಮು, ಉಸಿರಾಟದ ತೊಂದರೆ ಕಾಣಿಸಿಕೊಂಡರೆ, ದೋಹಾದಲ್ಲಾಗಲಿ ಉಡುಪಿಗೆ ಮರಳಿದ ಮೇಲಾಗಲಿ, ಒಂಟೆಯ ಸಂಪರ್ಕ ಇತ್ತು ಎಂಬುದನ್ನು ವೈದ್ಯರಿಗೆ ಮೊದಲೇ ತಿಳಿಸಿ. ಊರಿನ ವೈದ್ಯರು ಅದನ್ನು ತಾವಾಗಿ ಕೇಳುವುದಿಲ್ಲ.